ಹಳೇ ಮನೆಗೆ ಬಣ್ಣ ಆರಿಸುವಾಗ ಶೇಡ್ ಕಾರ್ಡ್ ಕೊನೆಗೆ ತೆಗೆಯಿರಿ

ಹಳೇ ಮನೆಗೆ ಬಣ್ಣ ಹೊಡೆಸಬೇಕು ಅಂದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ, ಅಂಗಡಿಗೆ ಹೋಗಿ ಶೇಡ್ ಕಾರ್ಡ್ ತರುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಹಳೇ ಮನೆಗೆ ಆಗಲೇ ಬಣ್ಣ ಇದೆ. ನೆಲ ಕೆಂಪಗಿದೆ, ಬಾಗಿಲು ತೇಗದ ಕಂದು, ಮೇಲೆ ಹೆಂಚು ಅಥವಾ ಕಪ್ಪಾದ ತೊಲೆ. ಇವನ್ನೆಲ್ಲ ನೀವು ಬದಲಾಯಿಸುವುದಿಲ್ಲ, ಅಲ್ವಾ? ಇವುಗಳ ಜೊತೆ ಹೊಂದಿಕೊಂಡು ಹೋಗುವಂಥ ಒಂದೋ ಎರಡೋ ಬಣ್ಣ ಹುಡುಕಬೇಕು, ಅಷ್ಟೇ.

ನನಗೆ ಇದು ತಿಳಿದದ್ದು ದುಡ್ಡು ಕಳೆದುಕೊಂಡ ಮೇಲೆ. ಮೈಸೂರಿನಲ್ಲಿ ನಮ್ಮ ದೊಡ್ಡಮ್ಮನ ಮನೆ ಇದೆ. ತೊಟ್ಟಿ ಮನೆ, ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆ, ರೆಡ್ ಆಕ್ಸೈಡ್ ನೆಲ. ಬಣ್ಣದ ಜವಾಬ್ದಾರಿ ನನ್ನ ಮೇಲೆ ಬಿತ್ತು. ಸ್ನೇಹಿತರ ಹೊಸ ಫ್ಲ್ಯಾಟಿನಲ್ಲಿ ನೋಡಿ ಇಷ್ಟಪಟ್ಟಿದ್ದ ತೆಳು ಬೂದು ಬಣ್ಣವನ್ನೇ ಹೇಳಿದೆ, ಪೇಂಟರ್ ಪುಟ್ಟಿ ಎಳೆದು, ಪ್ರೈಮರ್ ಹೊಡೆದು, ಎರಡು ಕೋಟ್ ಎಮಲ್ಶನ್, ಅಂದರೆ ಪ್ಲಾಸ್ಟಿಕ್ ಪೇಂಟ್, ಬಳಿದು ಹೋದರು. ಫ್ಲ್ಯಾಟಿನ ಬಿಳಿ ಟೈಲ್ಸ್ ಮೇಲೆ ಅಷ್ಟು ಚೆಂದ ಕಂಡಿದ್ದ ಬೂದು ಇಲ್ಲಿ ಕೆಂಪು ನೆಲದ ಪಕ್ಕ ಮಂಕಾಯಿತು, ಸಂಜೆ ಹೊತ್ತಿಗೆ ನೇರಳೆ ತಿರುಗಿದ ಹಾಗೆ ಕಾಣುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಕೆಳಭಾಗದಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಬೆರಳಿಟ್ಟರೆ ಪುಟ್ಟಿ ಸಮೇತ ಉದುರುತ್ತಿತ್ತು. ಬಣ್ಣವೂ ತಪ್ಪು, ಬಣ್ಣದ ಜಾತಿಯೂ ತಪ್ಪು. ಎರಡನೇ ಸಲ ಮಾಡಿಸುವಾಗ ಮೊದಲಿನಿಂದ ಕಲಿತು ಮಾಡಿಸಿದೆವು. ಆ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು ಗೋಡೆ ಕೆರೆದು ನೋಡಿ

ಯಾರ ಕಣ್ಣಿಗೂ ಬೀಳದ ಒಂದು ಜಾಗ ಹುಡುಕಿ. ಬಾಗಿಲ ಹಿಂದೆ, ಗೋಡೆ ಬೀರುವಿನ ಒಳಗೆ, ಕ್ಯಾಲೆಂಡರ್ ತೂಗುವ ಮೊಳೆಯ ಕೆಳಗೆ. ಅಲ್ಲಿ ಗೋಡೆಯನ್ನು ಸ್ವಲ್ಪ ಒದ್ದೆ ಮಾಡಿ, ಬ್ಲೇಡಿನಿಂದ ಒಂದು ರೂಪಾಯಿ ನಾಣ್ಯದಷ್ಟು ಅಗಲ ನಿಧಾನವಾಗಿ ಒಂದೊಂದೇ ಪದರ ಬಿಡಿಸಿ. ನಡುಮನೆ ಬಾಗಿಲ ಹಿಂದೆ ನಾವು ಹಾಗೆ ಮಾಡಿದಾಗ ಮೇಲೆ ನನ್ನ ಬೂದು, ಅದರ ಕೆಳಗೆ ಪಿಸ್ತಾ ಹಸಿರು ಡಿಸ್ಟೆಂಪರ್, ಆಮೇಲೆ ಒಂದು ಗೋಪಿ ಬಣ್ಣ, ಅದಕ್ಕೂ ಕೆಳಗೆ ತಿಳಿ ಆಕಾಶ ನೀಲಿ ಸುಣ್ಣ, ಆಮೇಲೆ ಬರೀ ಬಿಳಿ ಸುಣ್ಣ ಪದರ ಪದರವಾಗಿ, ಕೊನೆಗೆ ಮರಳು ಕಾಣುವ ಗಾರೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿ, "ಈ ನೀಲಿ ನಿನ್ನ ಅಕ್ಕನ ಮದುವೆಗೆ ಹೊಡೆಸಿದ್ದು ಕಣೋ" ಅಂದರು. ಆ ನೀಲಿ ಇಷ್ಟು ವರ್ಷ ಒಳಗಿದ್ದೂ ಕೆಂಪು ನೆಲದ ಪಕ್ಕ ಎಷ್ಟು ಹಿತವಾಗಿತ್ತು ಅಂದರೆ, ನಮ್ಮ ಹುಡುಕಾಟ ಅರ್ಧ ಅಲ್ಲಿಗೇ ಮುಗಿಯಿತು.

ಹಳೇ ಪದರದ ಬಣ್ಣವನ್ನೇ ಮತ್ತೆ ಹೊಡೆಸಬೇಕು ಅಂತೇನಿಲ್ಲ. ಆದರೆ ಆ ಮನೆಯಲ್ಲಿ, ಆ ಬೆಳಕಿನಲ್ಲಿ ಹಿಂದಿನವರು ಬದುಕಿ ನೋಡಿದ ಬಣ್ಣಗಳು ಅವು. ಫೋಟೋ ತೆಗೆದಿಟ್ಟುಕೊಳ್ಳಿ.

ಇದೇ ಹೊತ್ತಿನಲ್ಲಿ ಗೋಡೆಯ ಆರೋಗ್ಯವನ್ನೂ ನೋಡಿಬಿಡಿ. ಅಂಗೈಯಿಂದ ಉಜ್ಜಿ, ಬಿಳಿ ಪುಡಿ ಹತ್ತಿದರೆ ಸುಣ್ಣ ಅಥವಾ ಹಳೇ ಡಿಸ್ಟೆಂಪರ್. ನೀರು ಚಿಮುಕಿಸಿ, ಗೋಡೆ ಕೂಡಲೇ ಕುಡಿದರೆ ಅದು ಉಸಿರಾಡುವ ಗೋಡೆ, ಹನಿ ಹನಿಯಾಗಿ ಜಾರಿದರೆ ಮೇಲೆ ಪ್ಲಾಸ್ಟಿಕ್ ಪೇಂಟೋ ಆಯಿಲ್ ಪೇಂಟೋ ಇದೆ. ಆಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಯ ಕೆಳಭಾಗಕ್ಕೆ ಅಂಟಿಸಿ 24 ಗಂಟೆ ಬಿಡಿ. ಹಾಳೆಯ ಒಳಮೈ ಮೇಲೆ ನೀರಿನ ಹನಿ ಕಂಡರೆ ಗೋಡೆಯೊಳಗೆ ತೇವ ಇದೆ ಅಂತ. ತೇವ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ಸರಿ ಮಾಡದೆ ಬಣ್ಣಕ್ಕೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಒಡೆದ ಹೆಂಚು, ಕಟ್ಟಿದ ಮೋರಿ, ಗೋಡೆಗೆ ಒರಗಿದ ಮಣ್ಣಿನ ರಾಶಿ, ಹೆಚ್ಚಿನ ಸಲ ಇಷ್ಟರಲ್ಲೇ ಇರುತ್ತದೆ.

ದಸರೆಗೆ ಮುಂಚೆ ಬಣ್ಣ ಮುಗಿಯಬೇಕು ಅಂತ ಎಲ್ಲರಿಗೂ ಆಸೆ. ಆದರೆ ಆಗ ಗೋಡೆ ಮಳೆಗಾಲದ ನೀರು ಕುಡಿದು ಕೂತಿರುತ್ತದೆ. ಹಳೇ ಮನೆಗೆ ಸಂಕ್ರಾಂತಿಯಿಂದ ಯುಗಾದಿವರೆಗಿನ ದಿನಗಳೇ ಒಳ್ಳೆಯದು.

ಗೋಡೆ ಯಾವ ಬಣ್ಣ ತಡೆದುಕೊಳ್ಳುತ್ತದೆ

ಹಳೇ ಕಟ್ಟಡಗಳ ತಳಪಾಯದ ಮೇಲೆ ನೀರು ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ನೆಲದ ತೇವ ಗೋಡೆಯಲ್ಲಿ ಮೇಲೇರುತ್ತದೆ, ಸುಣ್ಣದ ಮೈಯಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಅದರ ಮೇಲೆ ಸಿಮೆಂಟ್ ಪುಟ್ಟಿ, ಎಮಲ್ಶನ್ ಮೆತ್ತಿದರೆ ಆವಿ ಹೋಗುವ ದಾರಿ ಮುಚ್ಚುತ್ತದೆ. ನೀರಿನ ಜೊತೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಹೊರಗೆ ತಳ್ಳುತ್ತದೆ. ನಮ್ಮಲ್ಲಿ ಆದದ್ದು ಇದೇ. ಗೋಡೆಯ ಕೆಳಗೆ ಮೂರು ನಾಲ್ಕು ಅಡಿ ಆಯಿಲ್ ಪೇಂಟ್ ಪಟ್ಟಿ ಹೊಡೆಸಿದ ಮನೆಗಳಲ್ಲಿ ತೇವ ಅದರ ಹಿಂದಿನಿಂದಲೇ ಇನ್ನೂ ಮೇಲೇರಿ, ಪಟ್ಟಿ ಮುಗಿದ ಕಡೆ ಹೊರಬಂದಿರುವುದನ್ನು ನೀವೂ ನೋಡಿರುತ್ತೀರಿ.

ಹಾಗಾಗಿ ಗಾರೆ ಗೋಡೆಗೆ ಸುಣ್ಣವೇ ಸರಿ. ನಾನು ಇದನ್ನು ಹಳೇ ಕಾಲದ ಮೋಹಕ್ಕೆ ಹೇಳುತ್ತಿಲ್ಲ, ಅದು ಆ ಗೋಡೆಗೆ ಹೊಂದುತ್ತದೆ. ಬಿರುಕು, ಗುಂಡಿಗಳನ್ನೂ ಸಿಮೆಂಟಿನಿಂದ ಮುಚ್ಚಬೇಡಿ, ಸುಣ್ಣ-ಮರಳಿನ ಗಾರೆಯಿಂದಲೇ ತುಂಬಿಸಿ. ಮೇಲಿರುವ ಪ್ಲಾಸ್ಟಿಕ್ ಪೇಂಟ್ ಪೂರ್ತಿ ಕೆರೆಸಿ ತೆಗೆಸಬೇಕು, ಇದಕ್ಕೆ ಬಣ್ಣ ಬಳಿಯುವುದಕ್ಕಿಂತ ಜಾಸ್ತಿ ದಿನ ಹಿಡಿಯುತ್ತದೆ. ನಿಮ್ಮದು ಅರವತ್ತು ಎಪ್ಪತ್ತರ ದಶಕದ ಸಿಮೆಂಟ್ ಪ್ಲಾಸ್ಟರ್ ಮನೆಯಾಗಿದ್ದು ಗೋಡೆ ಒಣಗಿದ್ದರೆ ಎಮಲ್ಶನ್ ನಡೆಯುತ್ತದೆ. ಮಿಂಚುವ ಫಿನಿಷ್ ಬೇಡ, ಮ್ಯಾಟ್ ತಗೊಳ್ಳಿ. ಹಳೇ ಗೋಡೆಯ ಏರಿಳಿತವನ್ನೆಲ್ಲ ಮಿಂಚು ಎತ್ತಿ ತೋರಿಸುತ್ತದೆ.

ಸುಣ್ಣ ಕಲಸುವ ಲೆಕ್ಕ ಹೀಗಿದೆ. 1 ಕಿಲೋ ಸುಡುಸುಣ್ಣಕ್ಕೆ ಸುಮಾರು 5 ಲೀಟರ್ ನೀರು. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು, ಕೊತಕೊತ ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕು, ಮಕ್ಕಳು ಹತ್ತಿರ ಬರಬಾರದು. ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. 24 ಗಂಟೆ ಬಿಟ್ಟು ಒರಟು ಬಟ್ಟೆಯಲ್ಲಿ ಸೋಸಿ. ಪ್ರತಿ 10 ಲೀಟರಿಗೆ 40 ಗ್ರಾಂ ಅಂಟನ್ನು ಬಿಸಿನೀರಲ್ಲಿ ಕರಗಿಸಿ ಬೆರೆಸಿ. ಅಂಟು ಹಾಕದಿದ್ದರೆ ಒರಗಿದವರ ಬೆನ್ನಿಗೆಲ್ಲ ಸುಣ್ಣ. ಬಿಳಿ ಹೊಳೆಯಬೇಕಾದರೆ ಕಿಲೋ ಸುಣ್ಣಕ್ಕೆ 3 ಗ್ರಾಮಿನಷ್ಟು ನೀಲಿ ಸಾಕು.

ಬಣ್ಣ ಬೇಕಾದರೆ ಸುಣ್ಣದ ಖಾರ ತಡೆಯುವ ಬಣ್ಣದ ಪುಡಿಯನ್ನೇ ತರಬೇಕು. ಹಳದಿ, ಕೆಂಪು, ಕಪ್ಪು ಆಕ್ಸೈಡ್ ಪುಡಿಗಳು ತಡೆಯುತ್ತವೆ. ಸುಣ್ಣದ ತೂಕದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಪುಡಿ ಹಾಕಿದರೆ ನಿಲ್ಲುವುದಿಲ್ಲ, ಉದುರುತ್ತದೆ. ಅಂದರೆ ಸುಣ್ಣದಲ್ಲಿ ಸಿಗುವುದು ತಿಳಿ ಬಣ್ಣಗಳು ಮಾತ್ರ. ಬಕೆಟ್ಟಿನಲ್ಲಿ ಕಂಡ ಬಣ್ಣ ನೋಡಿ ಹೆದರಬೇಡಿ, ಒಣಗಿದ ಮೇಲೆ ಅದು ತುಂಬ ತಿಳಿಯಾಗುತ್ತದೆ. ನಾವು ಹಳದಿ ಬೆರೆಸಿದಾಗ ಬಕೆಟ್ಟಿನಲ್ಲಿ ಸಾಸಿವೆ ಗೊಜ್ಜಿನ ಹಾಗಿದ್ದದ್ದು ಮಾರನೇ ದಿನ ಗೋಡೆ ಮೇಲೆ ಬೆಣ್ಣೆಯ ಬಣ್ಣಕ್ಕೆ ಬಂತು. ಗೋಡೆ ನೆನೆಸಿ, ತೆಳ್ಳಗೆ, ಒಂದು ದಿನ ಬಿಟ್ಟು ಒಂದು ದಿನ ಮೂರು ಕೋಟ್. ಮೊದಲ ಕೋಟ್ ಏನೂ ಬಳಿದೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ, ಅದು ಹಾಗೆಯೇ.

ನೆಲ ಮತ್ತು ಮರ

ರೆಡ್ ಆಕ್ಸೈಡ್ ನೆಲ ಸುಮ್ನೆ ಕೆಳಗೆ ಬಿದ್ದಿರುವುದಿಲ್ಲ. ಕಿಟಕಿಯಿಂದ ಬಂದ ಬಿಸಿಲು ಅದರ ಮೇಲೆ ಬಿದ್ದು ಕೆಂಪಾಗಿ ಪುಟಿದು ಗೋಡೆಯ ಕೆಳಗಿನ ಅರ್ಧಕ್ಕೆ ಹರಡುತ್ತದೆ. ಒಂದು ಬಿಳಿ ಹಾಳೆಯನ್ನು ನೆಲದಿಂದ ಒಂದಡಿ ಎತ್ತರಕ್ಕೆ ಗೋಡೆಗೆ ಹಿಡಿದು ನೋಡಿ, ಹಾಳೆ ತಿಳಿಗುಲಾಬಿ ಕಾಣುತ್ತದೆ. ಹಾಗಾಗಿ ನೀಲಿ ಛಾಯೆಯ ಬೂದು, ತಣ್ಣನೆಯ ಬಿಳಿ, ಲ್ಯಾವೆಂಡರ್ ಇವೆಲ್ಲ ಈ ನೆಲದ ಮೇಲೆ ಕೆಡುತ್ತವೆ. ಹಳದಿ ಕಡೆಗೆ ವಾಲಿದ ಬಿಳಿ, ಬೆಣ್ಣೆ ಬಣ್ಣ, ಗೋಪಿಯ ತಿಳಿ ಛಾಯೆ, ಬೂದು ಬೆರೆತ ಎಲೆ ಹಸಿರು ಚೆನ್ನಾಗಿ ಕೂರುತ್ತವೆ. ತಿಳಿ ಆಕಾಶ ನೀಲಿಯೂ ಕೂರುತ್ತದೆ, ಆದರೆ ಅದು ಸ್ಪಷ್ಟ ನೀಲಿಯೇ ಆಗಿರಬೇಕು, ಬೂದು ಮಿಶ್ರ ಆಗಬಾರದು. ಪೀಚ್ ಬಣ್ಣ ಬೇಡವೇ ಬೇಡ, ಕೆಂಪಿನ ಜೊತೆ ಸೇರಿ ಇಡೀ ಕೋಣೆ ಸೆಕೆ ಅನ್ನಿಸುತ್ತದೆ.

ಮೊಸಾಯಿಕ್ ನೆಲವಾದರೆ ಕೆಲಸ ಸುಲಭ. ಬಗ್ಗಿ ಕೂತು ಅದರಲ್ಲಿರುವ ಕಲ್ಲಿನ ಚೂರುಗಳ ಬಣ್ಣ ನೋಡಿ. ಹಸಿರು, ಕೆನೆ, ಇಟ್ಟಿಗೆ ಕೆಂಪು, ಕಪ್ಪು. ಅತಿ ತಿಳಿಯಾದ ಚೂರು ನಿಮ್ಮ ಗೋಡೆಗೆ, ಅತಿ ಕಡಿಮೆ ಇರುವ ಚೂರಿನ ಬಣ್ಣ ಕಿಟಕಿಗೋ ಪರದೆಗೋ. ಕಡಪ ಕಲ್ಲಿನ ಕಪ್ಪು ನೆಲ ಬೆಳಕು ನುಂಗುತ್ತದೆ, ಅಲ್ಲಿ ಗೋಡೆ ತಿಳಿಯಾಗಿರಲಿ.

ಮರದ ಬಗ್ಗೆ ನನ್ನದು ಖಡಾಖಂಡಿತ ಅಭಿಪ್ರಾಯ. ತೇಗ, ಬೀಟೆ, ಹಲಸಿನ ಕಂಬ-ತೊಲೆಗಳಿಗೆ ಬಿಳಿ ಬಣ್ಣ ಬಳಿಯಬೇಡಿ. ಕೋಣೆ ದೊಡ್ಡದಾಗಿ ಕಾಣುತ್ತದೆ ಅಂತ ಈಗ ಎಲ್ಲ ಕಡೆ ಹೇಳುತ್ತಾರೆ, ಆದರೆ ಒಮ್ಮೆ ಎಳೆಗಳೊಳಗೆ ಬಣ್ಣ ಇಳಿದರೆ ಅದನ್ನು ಪೂರ್ತಿ ತೆಗೆಯುವುದಕ್ಕೆ ಆಗುವುದಿಲ್ಲ. ತೊಲೆಗಳ ನಡುವಿನ ಜಾಗಕ್ಕೆ ಬಿಳಿ ಹೊಡೆಸಿ, ತೊಲೆ ಹಾಗೇ ಇರಲಿ. ಅಗಸೆ ಎಣ್ಣೆ ತೆಳ್ಳಗೆ ಉಜ್ಜಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯ ಇದೆ. ಹೊರಗೆ ಬಿಡಿಸಿ ಒಣಹಾಕಿ ಅಥವಾ ನೀರಿನಲ್ಲಿ ನೆನೆಸಿಡಿ.

ಒಂದು ದಿನ ಬೆಳಕು ನೋಡುತ್ತಾ ಕೂರಿ

ಭಾನುವಾರ ಒಂದು ದಿನ ಇದಕ್ಕೇ ಇಡಿ. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಐದು, ರಾತ್ರಿ ಲೈಟ್ ಹಾಕಿದ ಮೇಲೆ, ಹೀಗೆ ನಾಲ್ಕು ಸಲ ಪ್ರತಿ ಕೋಣೆಗೂ ಹೋಗಿ ಬಿಸಿಲು ಎಲ್ಲಿ ಬೀಳುತ್ತದೆ ಬರೆದುಕೊಳ್ಳಿ. ಉತ್ತರಕ್ಕೆ ಮುಖ ಮಾಡಿದ ಕೋಣೆಗೆ ನೇರ ಬಿಸಿಲೇ ಬರುವುದಿಲ್ಲ ಅಂತ ಬೇರೆ ದೇಶದವರ ಸಲಹೆಗಳಲ್ಲಿ ಓದುತ್ತೇವೆ. ನಮ್ಮಲ್ಲಿ ಹಾಗಿಲ್ಲ. ಮೈಸೂರು, ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಉತ್ತರದ ಗೋಡೆಗೂ ಆಗ ಬಿಸಿಲು ತಾಗುತ್ತದೆ. ಪಶ್ಚಿಮದ ಕೋಣೆಗೆ ಮಾತ್ರ ವರ್ಷವಿಡೀ ಸಂಜೆಯ ಬಿಸಿ, ಅಲ್ಲಿಗೆ ಹಸಿರು ಅಥವಾ ನೀಲಿಯ ತಿಳಿ ಛಾಯೆ ತಂಪು ಕೊಡುತ್ತದೆ.

ತೊಟ್ಟಿ ಮನೆಯಲ್ಲಿ ಬೆಳಕು ಮೇಲಿನಿಂದ ಬೀಳುತ್ತದೆ. ತೊಟ್ಟಿಯ ಸುತ್ತಲಿನ ಗೋಡೆ ಬೆಳಗುತ್ತಿರುತ್ತದೆ, ಅದರ ಹಿಂದಿನ ಕೋಣೆ ಮಧ್ಯಾಹ್ನವೂ ಮಬ್ಬು. ಮಬ್ಬು ಕೋಣೆಗೆ ಅಚ್ಚ ಬಿಳಿ ಹೊಡೆಸಿದರೆ ಬೆಳಕಾಗುತ್ತದೆ ಅನ್ನುವುದು ಎಲ್ಲರೂ ಮಾಡುವ ತಪ್ಪು. ಬೆಳಕೇ ಇಲ್ಲದ ಕಡೆ ಬಿಳಿ ಬೂದಿಯ ಹಾಗೆ ಕಾಣುತ್ತದೆ. ಅಲ್ಲಿ ತಿಳಿ ಹಳದಿ ಹೊಡೆಸಿ. ಇಲ್ಲವಾದರೆ ಕತ್ತಲನ್ನು ಒಪ್ಪಿಕೊಂಡು, ಗೋಡೆ ಸಿಮೆಂಟಿನದಾಗಿದ್ದರೆ, ಗಾಢ ಹಸಿರನ್ನೇ ಹೊಡೆಸಿ ಒಂದು ಒಳ್ಳೆ ದೀಪ ಇಡಿ. ದೇವರ ಮನೆ, ಓದುವ ಕೋಣೆಗೆ ಇದು ಬಹಳ ಚೆನ್ನಾಗಿರುತ್ತದೆ. ಬಲ್ಬ್ ಕೂಡ ಈಗಲೇ ನಿರ್ಧರಿಸಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಡಬ್ಬದ ಮೇಲೆ ಬರೆದಿರುತ್ತದೆ. 2700 ಅಥವಾ 3000 ಕೆಲ್ವಿನ್ ಎಲ್‌ಇಡಿ ಹಳದಿ ಬೆಳಕು, 6500 ನೀಲಿ ಬೆರೆತ ಬಿಳಿ. ಕೆಂಪು ನೆಲ, ಕಂದು ಮರ ಇರುವ ಮನೆಗೆ 6500 ಹಾಕಿದರೆ ಎಷ್ಟು ಒಳ್ಳೆ ಬಣ್ಣವೂ ರಾತ್ರಿ ಸತ್ತ ಹಾಗೆ ಕಾಣುತ್ತದೆ.

ಈಗ ಬಣ್ಣಗಳನ್ನು ಜೋಡಿಸಿ

ಅಲಂಕಾರದವರು 60-30-10 ಅನ್ನುತ್ತಾರೆ. ಒಂದು ಬಣ್ಣ ನೂರಕ್ಕೆ ಅರವತ್ತು ಭಾಗ, ಇನ್ನೊಂದು ಮೂವತ್ತು, ಮತ್ತೊಂದು ಹತ್ತು. ಹಳೇ ಮನೆಯಲ್ಲಿ ಆ ಮೂವತ್ತನ್ನು ನೆಲ ಮತ್ತು ಮರ ಆಗಲೇ ತಗೊಂಡಿವೆ. ಉಳಿದದ್ದು ಗೋಡೆಯ ಅರವತ್ತು, ಕಿಟಕಿ, ಪಟ್ಟಿ, ಗೂಡುಗಳ ಹತ್ತು. ಕೋಣೆಗೊಂದು ಬಣ್ಣ ಮಾಡಬೇಡಿ. ನಡುಮನೆಯಲ್ಲಿ ನಿಂತರೆ ನಾಲ್ಕು ಬಾಗಿಲಿನಲ್ಲಿ ನಾಲ್ಕು ಬಣ್ಣ ಕಾಣುವ ಮನೆ ಕಣ್ಣಿಗೆ ಆಯಾಸ. ಇಡೀ ಮನೆಗೆ ಒಂದೇ ಗೋಡೆ ಬಣ್ಣ, ಒಂದೆರಡು ಕೋಣೆಗೆ ಮಾತ್ರ ಬೇರೆ.

ಬಣ್ಣ ಎಷ್ಟು ಕಡಿಮೆ ಇದ್ದರೂ ಸಾಕು ಅನ್ನುವುದಕ್ಕೆ ಸಾಗರದ ಕಡೆಯ ದೀವರು ಸಮುದಾಯದವರ ಮನೆಗಳ ಗೋಡೆ ಚಿತ್ರ, ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ನಾಲ್ಕೇ ಬಣ್ಣ, ನಾಲ್ಕೂ ಸುತ್ತಮುತ್ತಲೇ ಸಿಕ್ಕಿದ್ದು, ಒಂದಕ್ಕೊಂದು ಜಗಳವಿಲ್ಲ.

ನಾವು ಕೊನೆಗೆ ಆರಿಸಿದ್ದು ಇಷ್ಟು: ತೊಟ್ಟಿ ಮತ್ತು ಪಡಸಾಲೆಗೆ ಬೆಣ್ಣೆ ಬಣ್ಣದ ಸುಣ್ಣ, ನಡುಮನೆಗೆ ಆ ಹಳೇ ತಿಳಿ ನೀಲಿ, ಎಲ್ಲ ಗೋಡೆಯ ಬುಡಕ್ಕೂ ಒಂದಡಿ ಎತ್ತರ ಕೆಮ್ಮಣ್ಣಿನ ಬಣ್ಣದ ಪಟ್ಟಿ. ಆ ಪಟ್ಟಿ ಹಿಂದಿನವರು ಸುಮ್ನೆ ಅಂದಕ್ಕೆ ಹಾಕಿದ್ದಲ್ಲ. ನೆಲ ಒರೆಸುವಾಗ ಹಾರುವ ಕೊಳೆ ನೀರು, ಕಾಲಿನ ಕಲೆ ಅದರಲ್ಲಿ ಮುಚ್ಚಿಹೋಗುತ್ತದೆ, ನೆಲದ ಕೆಂಪೂ ಗೋಡೆಯ ಬೆಣ್ಣೆ ಬಣ್ಣವೂ ಅಲ್ಲಿ ಒಂದಕ್ಕೊಂದು ಸೇರುತ್ತವೆ. ಅದನ್ನೂ ಸುಣ್ಣದಲ್ಲೇ ಕಲಸಿ. ಸುಣ್ಣದಲ್ಲಿ ಅಚ್ಚ ಕೆಂಪು ಬರುವುದಿಲ್ಲ, ಮಾಸಿದ ಇಟ್ಟಿಗೆ ಬಣ್ಣ ಬರುತ್ತದೆ, ಅದೇ ಚೆನ್ನ.

ಬಾಗಿಲು, ಕಿಟಕಿ, ಹೊರಗೋಡೆ

ಹಳೇ ಕಿಟಕಿಗಳ ಎನಾಮಲ್ ಪದರಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಬಣ್ಣವನ್ನು ಒಣಗಿರುವಾಗಲೇ ಉಜ್ಜಿ ಧೂಳೆಬ್ಬಿಸಬೇಡಿ, ಬೆಂಕಿ ಹಿಡಿದು ಸುಡಬೇಡಿ. ನೀರು ಹಾಕಿ ಒದ್ದೆ ಎಮರಿ ಕಾಗದದಲ್ಲಿ ಉಜ್ಜಿಸಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಉದುರಿದ್ದನ್ನು ಕಟ್ಟಿ ಎಸೆಯಿರಿ. ಆ ದಿನಗಳಲ್ಲಿ ಮಕ್ಕಳು, ಬಸುರಿಯರು ಬೇರೆ ಮನೆಯಲ್ಲಿರಲಿ. ಪೇಂಟರಿಗೂ ಮಾಸ್ಕ್ ತಂದುಕೊಡಿ, ಅವರು ಕೇಳುವುದಿಲ್ಲ, ನಾವೇ ಕೊಡಬೇಕು.

ಕಿಟಕಿಗೆ ಗಾಢ ಹಸಿರು ಹಳೇ ಮನೆಯಲ್ಲಿ ಸಾಮಾನ್ಯವಾಗಿ ಸೋಲುವುದಿಲ್ಲ. ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಮಾಡು ಇರುವ ಬೆಂಗಳೂರಿನ ಹಳೇ ಮಂಕಿ ಟಾಪ್ ಮನೆಗಳಲ್ಲಿ ಇದು ಈಗಲೂ ಕಾಣಸಿಗುತ್ತದೆ. ಕಬ್ಬಿಣದ ಸರಳಿಗೆ ಕಪ್ಪು ಸಾಕು.

ಹೊರಗೋಡೆಯ ಮಾತು ಊರಿನ ಮಳೆ ನೋಡಿ. ಮಲೆನಾಡು, ಕರಾವಳಿಯಲ್ಲಿ ಅಚ್ಚ ಬಿಳಿ ಒಂದೇ ಮಳೆಗಾಲಕ್ಕೆ ಪಾಚಿಯಿಂದ ಹಸಿರಾಗುತ್ತದೆ. ಅಲ್ಲಿ ಬುಡದ ಎರಡಡಿ ಮಣ್ಣಿನ ಬಣ್ಣವೇ ಇರಲಿ. ವಿಜಯಪುರದ ಕಡೆ ಬಿಸಿಲು ಜಾಸ್ತಿ, ಬಿಳಿ ಸುಣ್ಣ ಮನೆ ತಂಪಾಗಿಡುತ್ತದೆ. ಕಲ್ಲಿನ ಗೋಡೆ ಇದ್ದರೆ ಅದಕ್ಕೆ ಬಣ್ಣವೇ ಬೇಡ.

ಶೇಡ್ ಕಾರ್ಡ್, ಕೊನೆಗೆ

ಈಗ ಅಂಗಡಿಗೆ ಹೋಗಿ. ಕಾರ್ಡನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಪಬೇಡಿ, ಮನೆಗೆ ತನ್ನಿ. ಮೂರಕ್ಕಿಂತ ಜಾಸ್ತಿ ಆರಿಸಬೇಡಿ, ಸಣ್ಣ ಡಬ್ಬ ಮಾತ್ರ ಕೊಳ್ಳಿ. ಗೋಡೆ ಮೇಲೇ ಬಳಿಯುವ ಬದಲು ಎರಡಡಿ ಚೌಕದ ರಟ್ಟಿಗೆ ಎರಡು ಕೋಟ್ ಬಳಿದು, ಅದನ್ನು ನೆಲದ ಪಕ್ಕ, ಬಾಗಿಲ ಪಕ್ಕ, ಮೂಲೆಯಲ್ಲಿ ಇಟ್ಟು ಆ ನಾಲ್ಕು ಹೊತ್ತಿನಲ್ಲೂ ನೋಡಿ. ಸುಣ್ಣಕ್ಕೆ ಮಾತ್ರ ರಟ್ಟು ಬೇಡ, ಅದನ್ನು ಗೋಡೆಯ ಒಂದು ಮೂಲೆಯಲ್ಲೇ ಬಳಿದು ಎರಡು ದಿನ ಒಣಗಲು ಬಿಡಿ. ಕಾರ್ಡಿನ ಚೂರಿಗಿಂತ ದೊಡ್ಡ ಗೋಡೆಯಲ್ಲಿ ಬಣ್ಣ ಗಾಢವಾಗಿ ಕಾಣುತ್ತದೆ, ಅನುಮಾನ ಇದ್ದರೆ ಒಂದು ಮೆಟ್ಟಿಲು ತಿಳಿ ಛಾಯೆಗೆ ಇಳಿಯಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೇಳಿ, ದಿನವಿಡೀ ಆ ಗೋಡೆ ನೋಡುವವರು ಅವರು.

ಡಬ್ಬದ ಮೇಲೆ ಒಂದು ಲೀಟರಿಗೆ ಇಷ್ಟು ಚದರ ಅಡಿ ಅಂತ ಬರೆದಿರುವುದು ಹೊಸ, ನುಣುಪು ಗೋಡೆಗೆ. ಹಳೇ ಗೋಡೆ ಅದಕ್ಕಿಂತ ಜಾಸ್ತಿ ಕುಡಿಯುತ್ತದೆ, ಸ್ವಲ್ಪ ಹೆಚ್ಚಿಗೇ ತನ್ನಿ. ಒಂದು ಕೋಣೆಗೆ ಬೇಕಾದ್ದನ್ನು ಒಂದೇ ಸಲ ಕಲಸಿಸಿ, ಡಬ್ಬಗಳ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ. ಸುಣ್ಣವಾದರೆ ಇಡೀ ಗೋಡೆಗೆ ಸಾಲುವಷ್ಟು ಒಟ್ಟಿಗೆ ಕಲಸಬೇಕು, ಅರ್ಧದಲ್ಲಿ ಮತ್ತೆ ಕಲಸಿದರೆ ಬಣ್ಣ ಹೊಂದುವುದಿಲ್ಲ.

ಎಲ್ಲ ಮುಗಿದ ಮೇಲೆ ಯಾವ ಗೋಡೆಗೆ ಏನು, ಎಷ್ಟು ಪ್ರಮಾಣ, ಯಾವ ತಿಂಗಳು ಅಂತ ಬರೆದಿಡಿ. ಕಾಗದ ಕಳೆದುಹೋಗುತ್ತದೆ. ನಾವು ನಡುಮನೆಯ ಗೋಡೆ ಬೀರುವಿನ ಬಾಗಿಲ ಒಳಮೈ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿದ್ದೇವೆ: ಸುಣ್ಣ 10 ಕಿಲೋ, ಹಳದಿ ಅರ್ಧ ಕಿಲೋ, ಮೂರು ಕೋಟ್, ಫೆಬ್ರವರಿ.